ಗ್ರ್ಯಾಂಡ್ ಪಿಯಾನೊ ಆಕ್ಷನ್‌ನ ಕಟಕಟ ಸದ್ದು: ಬುಶಿಂಗ್ ಬಟ್ಟೆ ಮತ್ತು ಫೆಲ್ಟ್ ಬದಲಿಸಿದ ನಂತರದ ದೀರ್ಘಕಾಲದ ಅನುಭವ

ಮೆಲುದನಿಯಲ್ಲಿ ನುಡಿಸುವಾಗ ತಂತಿಯ ನಾದಕ್ಕಿಂತ, ಕೀ ಒತ್ತಿದಾಗ ಹ್ಯಾಮರ್ ಎಂಬ ಪುಟ್ಟ ಸುತ್ತಿಗೆಯನ್ನು ತಂತಿಗೆ ಬಡಿಸುವ ಯಂತ್ರಭಾಗವಾದ ಆಕ್ಷನ್‌ನ ಕಟಕಟವೇ ಮುಂದಾಗಿ ಕೇಳತೊಡಗಿದ್ದರಿಂದ, ಬೆಂಗಳೂರಿನ ನಮ್ಮ ಮನೆಯಲ್ಲಿರುವ ಹಳೆಯ ಗ್ರ್ಯಾಂಡ್ ಪಿಯಾನೊಗೆ ಕೀ ಬುಶಿಂಗ್ ಬಟ್ಟೆ ಹಾಗೂ ಹಿಂಬದಿಯ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆ) ಬದಲಿಸಿ ಪೂರ್ಣ ರೆಗ್ಯುಲೇಶನ್ (ಭಾಗಗಳ ಅಳತೆ, ಅಂತರಗಳ ಹೊಂದಾಣಿಕೆ) ಮಾಡಿಸಿದೆವು. ಆಮೇಲೆ ಹಲವು ಮಳೆಗಾಲ, ಬೇಸಿಗೆಗಳು ಕಳೆದಿರುವುದರಿಂದ ಯಾವ ಕೆಲಸ ಬಾಳಿಕೆ ಬಂತು ಎಂಬುದನ್ನು ಈಗ ಖಚಿತವಾಗಿ ಹೇಳಬಲ್ಲೆ.

ಕೊಟ್ಟ ಹಣಕ್ಕೆ ಅತಿ ಹೆಚ್ಚಿನ ಫಲ ಸಿಕ್ಕಿದ್ದು ಕೀ ಬುಶಿಂಗ್‌ನಿಂದ. ಪ್ರತಿ ಕೀಯೂ ನಡುವೆ ಒಂದು, ಮುಂದೆ ಒಂದು ಲೋಹದ ಪಿನ್ನಿನ ಆಧಾರದಲ್ಲಿ ಚಲಿಸುತ್ತದೆ. ಮರ ಆ ಪಿನ್ನಿಗೆ ಬಡಿಯದಂತೆ ತಡೆಯುವುದು ತೆಳುವಾದ ಉಣ್ಣೆಬಟ್ಟೆ. ಕೀಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿದಾಗ ಟಿಕ್ ಎಂದರೆ ಬಟ್ಟೆ ಸವೆದಿದೆ ಎಂದೇ ಅರ್ಥ. ನಮ್ಮದರಲ್ಲಿ ನಡುವಿನ ಸಪ್ತಕಗಳ ಬಟ್ಟೆ ನವಿರೆಲ್ಲ ಹೋಗಿ, ಒಂದು ಬದಿಯಲ್ಲಿ ಮರದವರೆಗೂ ಸವೆದಿತ್ತು. 88 ಕೀಗಳಿಗೂ ಹೊಸ ಬಟ್ಟೆ ಅಂಟಿಸಿದ ಮೇಲೆ ಆ ಸದ್ದು ಇಂದಿನವರೆಗೂ ಮರಳಿಲ್ಲ.

ಬೆರಳೆತ್ತಿದಾಗ ಕೇಳುತ್ತಿದ್ದ ಧಪ್ ಎಂಬ ಸದ್ದಿಗೆ ಕಾರಣ, ಕೀಗಳ ಹಿಂಬದಿ ಬಂದು ಕೂರುವ ಫೆಲ್ಟ್ ಒತ್ತಿ ಗಟ್ಟಿಯಾಗಿದ್ದುದು. ಇದರ ಬದಲಾವಣೆಯೂ ಸಾರ್ಥಕವೇ. ಆದರೆ ಹೊಸ ಫೆಲ್ಟ್ ಮೊದಮೊದಲು ನುಡಿಸಿದಂತೆಲ್ಲ ಕುಗ್ಗಿ, ಸುಮಾರು 45 ಮಿಲಿಮೀಟರ್ ಇರಬೇಕಾದ ಹ್ಯಾಮರ್ ಮತ್ತು ತಂತಿಯ ನಡುವಿನ ಅಂತರವನ್ನು ಬದಲಿಸುತ್ತದೆ. ಆದ್ದರಿಂದ ಎರಡನೆಯ ಸುತ್ತಿನ ರೆಗ್ಯುಲೇಶನ್ ಅನಿವಾರ್ಯ. ತಂತ್ರಜ್ಞರು ಅದನ್ನು ಮೊದಲ ದರದಲ್ಲಿ ಸೇರಿಸಿರಲಿಲ್ಲ. ಇದು ನನ್ನ ಮುಖ್ಯ ಆಕ್ಷೇಪ.

ನಕಲ್‌ಗಳ (ಹ್ಯಾಮರ್ ಕಡ್ಡಿಯ ಕೆಳಗಿರುವ, ಚರ್ಮ ಸುತ್ತಿದ ಉಬ್ಬುಗಳ) ಚರ್ಮಕ್ಕೆ ಬ್ರಷ್‌ನಿಂದ ಹಚ್ಚಿದ ಟೆಫ್ಲಾನ್ ಪುಡಿ ಉಜ್ಜುವ ಕಿರಿಕಿರಿ ಸದ್ದನ್ನು ತಕ್ಷಣ ನಿಲ್ಲಿಸಿತು. ಅದರ ಗುಣ ಕ್ರಮೇಣ ಕಡಿಮೆಯಾಗುವುದರಿಂದ ಮತ್ತೆ ಹಚ್ಚಬೇಕಾಗುತ್ತದೆ. ಚಪ್ಪಟೆಯಾದ ನಕಲ್‌ಗೆ ಅದು ಪರಿಹಾರವಲ್ಲ. ಮನೆಯ ಕೀಲುಗಳಿಗೆ ಬಳಸುವ ಎಣ್ಣೆ ಸ್ಪ್ರೇಯನ್ನು ಮಾತ್ರ ಆಕ್ಷನ್‌ನ ಹತ್ತಿರವೂ ತರಬೇಡಿ, ಫೆಲ್ಟ್ ಅದನ್ನು ಹೀರಿಕೊಂಡು ಧೂಳು ಹಿಡಿಯುತ್ತದೆ.

ಇಷ್ಟೆಲ್ಲ ಆದರೂ ಮಳೆಗಾಲದಲ್ಲಿ ಟಕ್‌ಟಕ್ ಎಂಬ ಒಂದು ಬಡಿತ ಮರಳಿ ಬಂತು. ತೇವಕ್ಕೆ ಮರ ಹಿಗ್ಗಿ, ಕೀಗಳನ್ನು ಹೊತ್ತ ಚೌಕಟ್ಟಾದ ಕೀಫ್ರೇಮ್‌ಗೆ ಆಧಾರವಾದ ಗ್ಲೈಡ್ ಬೋಲ್ಟ್‌ಗಳಿಗೂ ಅದರಡಿಯ ಮರದ ಹಲಗೆಯಾದ ಕೀಬೆಡ್‌ಗೂ ನಡುವೆ ಸಂದಿ ಬಿದ್ದಿತ್ತು. ಬೋಲ್ಟ್ ಕಡಿಮೆ ತಿರುಗಿಸಿದರೆ ಬಡಿತ ಉಳಿಯುತ್ತದೆ, ಹೆಚ್ಚು ತಿರುಗಿಸಿದರೆ ಫ್ರೇಮ್‌ನ ಅಂಚು ಮೇಲೆದ್ದು ಬೇರೆಡೆ ಬಡಿಯುತ್ತದೆ. ಎಡ ಪೆಡಲ್ ಒತ್ತಿದಾಗ ಇಡೀ ಫ್ರೇಮ್ ಪಕ್ಕಕ್ಕೆ ಸರಿಯುವುದರಿಂದ ಆ ಸ್ಥಿತಿಯಲ್ಲೂ ಪರೀಕ್ಷಿಸಬೇಕು. ನಾವು ಒತ್ತಾಯಿಸಿದ ಮೇಲಷ್ಟೇ ತಂತ್ರಜ್ಞರು ಅದನ್ನು ನೋಡಿದರು.

ತೇವದ ಏರಿಳಿತವನ್ನು ಕಡೆಗಣಿಸಿದರೆ ಎಂಥ ಜಾಣ ಪರಿಹಾರವೂ ಸೋಲುತ್ತದೆ. ನ್ಯೂಯಾರ್ಕಿನ ಸ್ಟೈನ್‌ವೇ 1962ರಲ್ಲಿ ಆಕ್ಷನ್‌ನ ಕೀಲುಗಳಲ್ಲಿ ಬಟ್ಟೆಯ ಬದಲು ಟೆಫ್ಲಾನ್ ಬುಶಿಂಗ್ ಅಳವಡಿಸಿತು. ಸುತ್ತಲಿನ ಮರ ಹಿಗ್ಗಿ ಕುಗ್ಗುವಾಗ ಟೆಫ್ಲಾನ್ ಅದರೊಂದಿಗೆ ಹೊಂದಿಕೊಳ್ಳದೆ ಟಿಕ್ ಸದ್ದು ಹುಟ್ಟಿ, 1980ರ ದಶಕದ ಆರಂಭದಲ್ಲಿ ಕಂಪನಿ ಬಟ್ಟೆಗೇ ಮರಳಿತು. ನಾವು ಈಗ ಕೋಣೆಯ ತೇವಾಂಶವನ್ನು ಶೇ. 45ರಿಂದ 55ರ ನಡುವೆ ಇಡಲು ಯತ್ನಿಸುತ್ತೇವೆ, ಬೋಲ್ಟ್‌ಗಳನ್ನು ಮತ್ತೆ ಮುಟ್ಟುವ ಅಗತ್ಯ ಬಿದ್ದಿಲ್ಲ.

ಬಲ ಪೆಡಲ್ ಬಿಟ್ಟಾಗ, ತಂತಿಯ ನಾದ ನಿಲ್ಲಿಸುವ ಡ್ಯಾಂಪರ್‌ಗಳ ಕಡೆಯಿಂದ ಬರುವ ಸದ್ದು ಮಾತ್ರ ಹಾಗೇ ಉಳಿದಿದೆ, ಏಕೆಂದರೆ ಪೆಡಲ್ ಜೋಡಣೆಯ ಕೆಲಸ ಈ ಸೇವೆಯಲ್ಲಿ ಸೇರಿರಲಿಲ್ಲ. ದರ ವಿಚಾರಿಸುವವರು ಪೆಡಲ್ ಕೆಲಸವನ್ನೂ ಎರಡನೆಯ ರೆಗ್ಯುಲೇಶನ್ನನ್ನೂ ಸೇರಿಸಿ ಲಿಖಿತವಾಗಿ ಪಡೆದುಕೊಳ್ಳಿ.