ಬಿದಿರಿನ ಕೊಳಲೋ, ಬೀಟೆಯ ಕೊಳಲೋ?

ಕೊಳಲು ಕಲಿಯಬೇಕು ಅನ್ನುವವರು ಮೊದಲು ಕೇಳೋದು ಒಂದೇ: ಯಾವುದು ತಗೊಳ್ಳಲಿ? ನನ್ನ ಹತ್ತಿರ ಮೂರಿವೆ. ಹಾಸನಾಂಬ ಜಾತ್ರೆಯ ಸಮಯದಲ್ಲಿ ಬೀದಿಯಲ್ಲಿ ಕೊಂಡ ಆರು ತೂತಿನ ಬಿದಿರು. ಕೊಳಲು ಮಾಡುವವರು ಶ್ರುತಿ (ಆಧಾರ ಸ್ವರದ ಮಟ್ಟ) ನೋಡಿ ಕೊರೆದುಕೊಟ್ಟ ಕರ್ನಾಟಕ ಪದ್ಧತಿಯ ಬಿದಿರು. ಮರಗೆಲಸದವರೊಬ್ಬರು ಅದೇ ಶ್ರುತಿಗೆ ಲೇತ್‌ನಲ್ಲಿ ಕಡೆದುಕೊಟ್ಟ ಬೀಟೆ. ಮೂರನ್ನೂ ಸಕಲೇಶಪುರದ ಮನೆಯಲ್ಲಿ ಬೇಸಿಗೆ, ಮಳೆ ಎರಡರಲ್ಲೂ ನುಡಿಸಿದ್ದೇನೆ.

ಜಾತ್ರೆಯದು ಮಕ್ಕಳ ಕೈಗೆ ಚೆನ್ನ. ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂತರೆ ಮಾತ್ರ ಪಂಚಮವೇ (ಪ ಸ್ವರ) ಕೂಡುವುದಿಲ್ಲ. ಬಿದಿರಿನ ಒಳಗಿನ ಅಗಲ ಒಂದೊಂದಕ್ಕೂ ಬೇರೆ. ಎಲ್ಲಕ್ಕೂ ಒಂದೇ ಅಳತೆಯಲ್ಲಿ ತೂತು ಸುಟ್ಟರೆ ಸ್ವರ ಎಲ್ಲಿ ಸರಿ ಬರುತ್ತದೆ? ಅಭ್ಯಾಸಕ್ಕೆ ಬೇಡ, ಕಿವಿ ಕೆಡುತ್ತದೆ. ಬೆರಳಿನ ಲೆಕ್ಕವೂ ಬೇರೆ. ಕರ್ನಾಟಕ ಪದ್ಧತಿಯಲ್ಲಿ ಮೊದಲ ಎರಡು ತೂತು ಮುಚ್ಚಿದರೆ ಷಡ್ಜ (ಸ ಸ್ವರ), ಹಿಂದೂಸ್ತಾನಿಯವರ ಆರು ತೂತಿನ ಬಾನ್ಸುರಿಯಲ್ಲಿ ಮೂರು.

ನಿಜವಾದ ಪೈಪೋಟಿ ಉಳಿದೆರಡರ ನಡುವೆ.

ಬೀಟೆಯನ್ನು ಕೈಗೆತ್ತಿಕೊಂಡ ಕೂಡಲೇ ಭಾರ ಗೊತ್ತಾಗುತ್ತದೆ. ಕೆಳಗಿನ ಸ್ವರಗಳು ತುಂಬಿ ಬರುತ್ತವೆ, ಉಸಿರು ಸ್ವಲ್ಪ ಹೆಚ್ಚುಕಮ್ಮಿಯಾದರೂ ಅಲುಗುವುದಿಲ್ಲ. ಇದು ಮರದ ಗುಣ ಅಂತ ಬಹಳ ಜನ ನಂಬುತ್ತಾರೆ. ಆದರೆ 1971ರಲ್ಲಿ ಜಾನ್ ಕೋಲ್ಟ್‌ಮನ್ ಅನ್ನುವ ಅಮೆರಿಕದ ಭೌತವಿಜ್ಞಾನಿ ಬೆಳ್ಳಿ, ತಾಮ್ರ, ಮರ ಮೂರರಲ್ಲೂ ಒಂದೇ ಒಳ ಅಳತೆಯ ಕೊಳಲು ಮಾಡಿ ಕೇಳಿಸಿದಾಗ, ಯಾವುದು ಯಾವುದೆಂದು ಕೇಳುಗರಿಗೆ ಹೇಳಲಾಗಲಿಲ್ಲ. ನನಗೆ ಕೇಳುವ ವ್ಯತ್ಯಾಸಕ್ಕೆ ಕಾರಣ ಗೋಡೆಯ ದಪ್ಪ ಮತ್ತು ಊದುವ ತೂತಿನ ಅಂಚು. ನನ್ನ ಬೀಟೆಯ ಗೋಡೆ ಬಿದಿರಿಗಿಂತ ಬಹಳ ದಪ್ಪ, ತೂತುಗಳೂ ಅಷ್ಟೇ ಆಳ.

ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿ ಜಾರಿಸುವುದರಲ್ಲಿ, ಬೀಟೆ ಸೋಲುವುದೂ ಈ ದಪ್ಪದಿಂದಲೇ. ತೋಡಿ ರಾಗದ ಗಾಂಧಾರ (ಗ ಸ್ವರ) ಅಲುಗಾಡಬೇಕು, ಅಲ್ವಾ? ತೆಳು ಬಿದಿರಿನಲ್ಲಿ ಬೆರಳನ್ನು ಕೂದಲೆಳೆಯಷ್ಟು ಸರಿಸಿದರೂ ಸ್ವರ ಜೊತೆಗೇ ಜಾರುತ್ತದೆ. ಬೀಟೆಯಲ್ಲಿ ಅದೇ ಬೆರಳು, ಅದೇ ಉಸಿರು, ಆದರೆ ಸ್ವರ ಮಂಕಾಗಿ ಆಮೇಲೆ ಜಾರುತ್ತದೆ. ಹಾಡುವ ಹಾಗೆ ನುಡಿಸಬೇಕೆನ್ನುವವರಿಗೆ ಇಷ್ಟೇ ಸಾಕು, ಬಿದಿರೇ ಬೇಕು ಅನ್ನೋದಕ್ಕೆ.

ಮಳೆಗಾಲದಲ್ಲಿ ಮಾತ್ರ ಬೀಟೆಯ ಕೈ ಮೇಲು. ಬಿದಿರಿನಲ್ಲಿ ಪಿಷ್ಟ ಜಾಸ್ತಿ, ಕುಟ್ಟೆ ಹುಳಕ್ಕೆ ಅದೇ ಊಟ. ಜುಲೈ ತಿಂಗಳಲ್ಲಿ ಚೀಲ ಕೊಡವಿದಾಗ ಹಿಟ್ಟಿನಂಥ ಹಳದಿ ಪುಡಿ ಉದುರಿತು. ಕೊಳಲು ತಿರುಗಿಸಿ ನೋಡಿದರೆ ಸೂಜಿಮೊನೆಯಷ್ಟು ಸಣ್ಣ ತೂತು. ಅಲ್ಲಿಂದ ಗಾಳಿ ಸೋರಿ ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರಗಳು ಬೀಳತೊಡಗಿದ್ದವು. ಜೇನುಮೇಣ ಮೆತ್ತಿದ ಮೇಲೆ ಸರಿಹೋಯಿತು. ಬೀಟೆಗೆ ಈ ಕಾಟ ಬಂದಿಲ್ಲ. ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಒಣಗಾಳಿಗೆ ಒಯ್ದರೆ ಬಿದಿರು ಸೀಳುವ ಭಯವೂ ಇದೆ. ತುದಿಗಳಿಗೆ ದಾರ ಬಿಗಿಯಾಗಿ ಸುತ್ತುವುದು ಅದಕ್ಕೇ, ಸುಮ್ನೆ ಅಲಂಕಾರಕ್ಕಲ್ಲ. ಆದರೆ ಚಳಿಯ ಬೆಳಿಗ್ಗೆ ಬಿದಿರು ಬೇಗ ಬೆಚ್ಚಗಾಗಿ ಶ್ರುತಿಗೆ ಬರುತ್ತದೆ, ಬೀಟೆ ಬಹಳ ಹೊತ್ತು ಇಳಿದೇ ಇರುತ್ತದೆ. ಕೊಳಲಿನೊಳಗಿನ ಗಾಳಿ ಬಿಸಿಯಾದಷ್ಟೂ ಶ್ರುತಿ ಏರುತ್ತದಲ್ಲ.

ಹಾಗಾಗಿ ಸಂಗೀತ ಕಲಿಯುವವರಿಗೆ ನಾನು ಹೇಳುವುದು ಶ್ರುತಿ ನೋಡಿ ಮಾಡಿದ ಬಿದಿರನ್ನೇ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಆಗಾಗ ಎಣ್ಣೆ ಸವರಿದರೆ ಮಲೆನಾಡಿನಲ್ಲೂ ಬಾಳುತ್ತದೆ. ಭಾವಗೀತೆ, ಜನಪದ ಹಾಡು ಸಾಕು, ತೋಟದ ಮನೆಯಲ್ಲಿ ಹೆಚ್ಚು ಆರೈಕೆ ಕೇಳದ ಕೊಳಲು ಬೇಕು ಅನ್ನುವವರು ಬೀಟೆ ಕಡೆಸಿಕೊಳ್ಳಬಹುದು. ಯಾವುದೇ ಆಗಲಿ, ದುಡ್ಡು ಕೊಡುವ ಮೊದಲು ಶ್ರುತಿ ಹಾಕಿಕೊಂಡು ಮಧ್ಯ ಷಡ್ಜ, ತಾರ ಷಡ್ಜ (ಮೇಲಿನ ಸ್ಥಾಯಿಯ ಸ) ಎರಡನ್ನೂ ಊದಿ ನೋಡಿ. ಎರಡೂ ಕೂಡದಿದ್ದರೆ ತಲೆಯೊಳಗಿನ ಬಿರಡೆಯನ್ನು ಸ್ವಲ್ಪ ಸರಿಸಿಕೊಡಲು ಕೇಳಿ. ಆಗಲೂ ಕೂಡಲಿಲ್ಲ ಅಂದರೆ ಬೇರೆ ಕೊಳಲು ನೋಡಿ.