ಒಳಗಿನ ಮಗುವಿನ ಗಾಯಕ್ಕೆ: ಗುಂಪೋ, ಆಪ್ತಸಲಹೆಗಾರರೋ?

ಕುಡಿತ ಬಿಟ್ಟ ಮೇಲೂ ಬಾಗಿಲು ಬಡಿದ ಸದ್ದಿಗೆ ಎದೆ ಧಸಕ್ ಅನ್ನುತ್ತದಾ? ಕತ್ತಲಲ್ಲಿ ಅಪ್ಪನ ಹೆಜ್ಜೆ ಎಣಿಸುತ್ತಿದ್ದ ಆ ಮಗು ಇನ್ನೂ ಒಳಗಿದೆ. 1998ರ ಅಮೆರಿಕದ ಅಧ್ಯಯನವೊಂದು ಬಾಲ್ಯದ ನೋವಿಗೂ ದೊಡ್ಡವರಾದ ಮೇಲಿನ ಚಟಕ್ಕೂ ಗಟ್ಟಿ ನಂಟು ಕಂಡಿತ್ತು.

ಕುಡಿತ ಬಿಟ್ಟವರು ಒಟ್ಟಿಗೆ ಕೂತು ಕಷ್ಟ ಹಂಚಿಕೊಳ್ಳುವ ಗುಂಪಿನಲ್ಲಿ ಖರ್ಚು ಕಡಿಮೆ. "ನಾನೊಬ್ಬನೇ ಅಲ್ಲ" ಅನ್ನುವ ಸಮಾಧಾನ ಬೇಗ ಸಿಗುತ್ತದೆ. ಬಿಟ್ಟು ಕೆಲವೇ ವಾರ ಆಗಿದ್ದರೆ ಸದ್ಯಕ್ಕೆ ಇದೇ ಒಳ್ಳೆಯದು. ಹಳೇ ಗಾಯ ಈಗಲೇ ಕೆದಕಿದರೆ ಮತ್ತೆ ಬಾಟಲಿ ನೆನಪಾಗಬಹುದು, ಅಲ್ವಾ?

ಆಪ್ತಸಲಹೆಗಾರರ ದಾರಿ ನಿಧಾನ, ದುಬಾರಿ. ಆದರೆ ಆಳಕ್ಕೆ ಇಳಿಯುತ್ತದೆ. ನಿಮ್ಮದೇ ಏಳು ವರ್ಷದ ಫೋಟೊ ಎದುರಿಟ್ಟು "ತಪ್ಪು ನಿಂದಲ್ಲ ಪುಟ್ಟಾ" ಅಂತ ನಿಮ್ಮ ಬಾಯಲ್ಲೇ ಹೇಳಿಸಬಹುದು. ಗಂಟಲು ಕಟ್ಟಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಹೊಡೆತ, ದೌರ್ಜನ್ಯ ಉಂಡವರಿಗೆ ನಾನು ಹೇಳೋದು ಇದನ್ನೇ.