ಖಾಲಿ ಕೋಶ ತುಂಬಲು ‘ಮೈಸ್’: ಪ್ಯಾಕೇಜು ಚೆನ್ನಾಗಿದೆ, ಡಿಫಾಲ್ಟ್ ನೆಚ್ಚಬೇಡಿ

ಡೇಟಾದಲ್ಲಿ ಖಾಲಿ ಇರುವ ಕಡೆಯೆಲ್ಲ ಸರಾಸರಿ ತುಂಬಿದರೆ, ಊಹಿಸಿದ್ದೂ ಅಳೆದದ್ದೂ ಒಂದೇ ಆಗಿ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅನಿಶ್ಚಿತ ಎಂಬುದರ ಅಳತೆ) ಸುಳ್ಳೇ ಕುಗ್ಗುತ್ತದೆ. ಸ್ಟೆಫ್ ವಾನ್ ಬ್ಯೂರೆನ್ ಮತ್ತು ಸಂಗಡಿಗರು ಅಂಕಿಅಂಶ ವಿಶ್ಲೇಷಣೆಯ ಆರ್ ಭಾಷೆಗೆ ಬರೆದ ಉಚಿತ ಪ್ಯಾಕೇಜು ‘ಮೈಸ್’ ಈ ತಪ್ಪಿಗೆ ಸರಿಯಾದ ಮದ್ದು: ಖಾಲಿ ಕಡೆ ಬೇರೆ ಬೇರೆ ಊಹೆ ತುಂಬಿ, ಡೇಟಾದ ಹಲವು ಪೂರ್ಣ ಪ್ರತಿಗಳನ್ನು (ಸೆಟ್) ಮಾಡುತ್ತದೆ.

ಜೊತೆಯಲ್ಲೇ ಬರುವ ‘ಎನ್‌ಹೇನ್ಸ್’ ಎಂಬ ಆರೋಗ್ಯದ ಮಾದರಿ ಡೇಟಾ ತೆರೆದು ನೋಡಿ. 25 ಸಾಲು, 4 ಕಾಲಂ. ವಯಸ್ಸು ಪೂರ್ತಿ ಇದೆ. ಬಿಎಂಐ 9 ಕಡೆ, ರಕ್ತದೊತ್ತಡ 8 ಕಡೆ, ಕೊಲೆಸ್ಟರಾಲ್ 10 ಕಡೆ ಇಲ್ಲ. ನಾಲ್ಕನ್ನೂ ಸೇರಿಸಿ ರಿಗ್ರೆಶನ್ (ಉಳಿದ ಕಾಲಂಗಳಿಂದ ಒಂದನ್ನು ಅಂದಾಜಿಸುವ ಲೆಕ್ಕ) ಹಾಕಿದರೆ, ಅಪೂರ್ಣ ಸಾಲುಗಳು ಬಿದ್ದುಹೋಗಿ ಉಳಿಯುವುದು 13 ಸಾಲು ಮಾತ್ರ.

ಅಂಕಿಯ ಕಾಲಂಗೆ ಮೈಸ್ ಬಳಸುವ ಡಿಫಾಲ್ಟ್ ವಿಧಾನ ಪಿಎಂಎಂ (ಪ್ರೆಡಿಕ್ಟಿವ್ ಮೀನ್ ಮ್ಯಾಚಿಂಗ್). ಬಿಎಂಐ ಇಲ್ಲದವರಿಗೆ ಅಂದಾಜಿನಲ್ಲಿ ತೀರಾ ಹತ್ತಿರವಿರುವ 5 ಜನರನ್ನು ಹುಡುಕಿ, ಅವರಲ್ಲೊಬ್ಬರ ನಿಜವಾದ ಬಿಎಂಐಯನ್ನೇ ಎತ್ತಿಕೊಡುತ್ತದೆ. ಹಾಗಾಗಿ ಅಸಾಧ್ಯವಾದ ಸಂಖ್ಯೆ ನುಸುಳುವುದಿಲ್ಲ. ಇದು ನನಗೆ ಬಹಳ ಮೆಚ್ಚುಗೆಯಾದ ಗುಣ. ಆದರೆ 25 ಸಾಲಿನಂಥ ಪುಟ್ಟ ಡೇಟಾದಲ್ಲಿ ಅವೇ ನಾಲ್ಕಾರು ಮೌಲ್ಯಗಳು ಮತ್ತೆ ಮತ್ತೆ ಬರುತ್ತವೆ. ಅಧಿಕ ರಕ್ತದೊತ್ತಡ ಇಲ್ಲಿ 1 (ಇಲ್ಲ), 2 (ಇದೆ) ಎಂದು ಅಂಕಿಯಲ್ಲಿದೆ. ಅದನ್ನು ಫ್ಯಾಕ್ಟರ್ (ಅಂಕಿಯಲ್ಲ, ವರ್ಗ ಎಂದು ಆರ್‌ಗೆ ತಿಳಿಸುವ ಬಗೆ) ಮಾಡಿದರಷ್ಟೇ ಮೈಸ್ ಹೌದು-ಇಲ್ಲ ಬಗೆಯ ಉತ್ತರಕ್ಕಿರುವ ಲಾಜಿಸ್ಟಿಕ್ ವಿಧಾನ ಹಿಡಿಯುತ್ತದೆ.

ನಂತರ ‘ವಿತ್’ ಎಂಬ ಆಜ್ಞೆ ಪ್ರತಿ ಸೆಟ್‌ಗೂ ಮಾಡೆಲ್ ಹಾಕುತ್ತದೆ, ‘ಪೂಲ್’ ರೂಬಿನ್ ಸೂತ್ರದಂತೆ ಒಟ್ಟುಗೂಡಿಸುತ್ತದೆ: ಸೆಟ್‌ಗಳೊಳಗಿನ ವೇರಿಯನ್ಸಿನ ಸರಾಸರಿಗೆ, ಸೆಟ್‌ಗಳ ನಡುವಿನ ವೇರಿಯನ್ಸನ್ನು (1 + 1/ಎಂ) ಇಂದ ಗುಣಿಸಿ ಕೂಡುವುದು; ಎಂ ಎಂದರೆ ಸೆಟ್‌ಗಳ ಸಂಖ್ಯೆ. ಎಲ್ಲ ಸೆಟ್‌ಗಳನ್ನೂ ಒಂದರ ಕೆಳಗೊಂದು ಪೇರಿಸಿ ಒಂದೇ ರಿಗ್ರೆಶನ್ ಹಾಕುವವರಿದ್ದಾರೆ. ಅಲ್ಲಿಗೆ ಪಟ್ಟ ಶ್ರಮವೆಲ್ಲ ನೀರುಪಾಲು.

ಡಿಫಾಲ್ಟ್ 5 ಸೆಟ್ ಸಾಲದು. ಶೇಕಡಾ ಎಷ್ಟು ಸಾಲು ಅಪೂರ್ಣವೋ ಅಷ್ಟು ಸೆಟ್ ಮಾಡಿ, ಇಲ್ಲಿ ಶೇ. 48, ಅಂದರೆ 50. ಊಹೆಯನ್ನು ಮತ್ತೆ ಮತ್ತೆ ತಿದ್ದುವ ಸುತ್ತು ಕೂಡ 5ರಿಂದ 20ಕ್ಕೆ ಏರಿಸಿ, ಪ್ರತಿ ಸೆಟ್‌ಗೊಂದು ಗೆರೆ ಎಳೆದು ತೋರಿಸುವ ‘ಪ್ಲಾಟ್’ ನೋಡಿ. ಗೆರೆಗಳು ಒಂದರೊಳಗೊಂದು ಹೆಣೆದುಕೊಂಡಿರಬೇಕು. ಮೇಲಕ್ಕೋ ಕೆಳಕ್ಕೋ ಜಾರುತ್ತಿದ್ದರೆ ಇನ್ನೂ ಸ್ಥಿರವಾಗಿಲ್ಲ.

ಹೆಚ್ಚು ಎಡವುವುದು ಪ್ರೆಡಿಕ್ಟರ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಯಾವ ಕಾಲಂ ಊಹಿಸಲು ಯಾವುದನ್ನು ಬಳಸಬೇಕು (1), ಬಳಸಬಾರದು (0) ಎಂದು ಹೇಳುವ ಪಟ್ಟಿಯಲ್ಲಿ. ಐಡಿ ಸಂಖ್ಯೆಯ ಕಾಲಂಗೆ 0 ಹಾಕಿ. ತೂಕ, ಎತ್ತರ, ಬಿಎಂಐ ಮೂರೂ ಇದ್ದರೆ ಬಿಎಂಐಯಿಂದ ತೂಕವನ್ನಾಗಲಿ ಎತ್ತರವನ್ನಾಗಲಿ ಊಹಿಸಲು ಬಿಡಬೇಡಿ. ಲೆಕ್ಕ ಸುತ್ತು ಹೊಡೆಯುತ್ತದೆ. ಫಲಿತಾಂಶದ ಕಾಲಂ ಮಾತ್ರ ಬಿಡಲೇಬಾರದು, ಬಿಟ್ಟರೆ ನಿಜವಾದ ಸಂಬಂಧ ಸೊನ್ನೆಯತ್ತ ಜಗ್ಗುತ್ತದೆ. ಉತ್ತರ ಸಿಗದಲ್ಲಿ 99 ಎಂದು ಬರೆದಿದ್ದರೆ ಮೊದಲೇ ಎನ್‌ಎ (ಆರ್‌ನಲ್ಲಿ ಖಾಲಿ ಎಂಬ ಗುರುತು) ಮಾಡಿ, ಮೈಸ್‌ಗೆ 99 ಕೂಡ ಒಂದು ಅಳತೆಯೇ. ಸೀಡ್ (ಯಾದೃಚ್ಛಿಕ ಆಯ್ಕೆ ಪ್ರತಿಸಲವೂ ಒಂದೇ ಆಗಿರುವಂತೆ ಕೊಡುವ ಸಂಖ್ಯೆ) ಕೊಡದಿದ್ದರೆ ನಾಳೆ ಬೇರೆ ಉತ್ತರ ಬರುತ್ತದೆ.